ಕಂಪನಿ ಗೇಟಿನೆದುರು ನಿಂತ ಬಸ್ಸು

ಮಧುಗಿರಿಯ ಗುಜರಿ ಅಂಗಡಿಯೊಂದರ ಮುಂದೆ ಮೊನ್ನೆ ಹಳೆಯ ಬಸ್ಸಿನ ರಬ್ಬರ್ ಹಾರನ್ ಬಿದ್ದಿತ್ತು. ಯಾರೋ ಅದನ್ನು ಒತ್ತಿದರು. ಆ ಒಡಕು ಧ್ವನಿ ಕಿವಿಗೆ ಬಿದ್ದೊಡನೆ ನೆನಪಾದವನು ಹೊಳವನಹಳ್ಳಿಯ ಖಾಸಗಿ ಬಸ್ಸಿನ ಕಂಡಕ್ಟರ್... ಕಂಕುಳಲ್ಲಿ ಚರ್ಮದ ಚೀಲ, ಕಿವಿಯ ಮೇಲೆ ಪೆನ್ಸಿಲ್.

ಎಂಬತ್ತರ ದಶಕದ ನಡುವಿನ ಮಾತು. ಶಾಲೆಯ ತಾತ್ಕಾಲಿಕ ಕೆಲಸವನ್ನು ಬಿಟ್ಟು ನಾನು ಕೊರಟಗೆರೆಯ ಅಂಚಿನಲ್ಲಿದ್ದ, ಟೀವಿಯ ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುವ ಕಂಪನಿಗೆ ಸೇರಿದ್ದೆ. ಊರೂರಿಗೆ ಟೀವಿ ಬರುತ್ತಿದ್ದ ಕಾಲವದು. ಒಂದೇ ಶೆಡ್ಡಿನಲ್ಲಿ ಆರಂಭವಾದ ಕಂಪನಿ ನೋಡನೋಡುತ್ತಿದ್ದಂತೆಯೇ ಪಕ್ಕದ ಹೊಲವನ್ನೆಲ್ಲ ಆವರಿಸಿತು. ಹೆರಿಗೆಯ ರಜೆ ಮುಗಿಸಿ ಬಂದ ನನಗೆ ಪರೀಕ್ಷಾ ವಿಭಾಗದ ಹೊಣೆಯನ್ನು ಒಪ್ಪಿಸಿದ ಮ್ಯಾನೇಜರರು, ಕೆಲಸಕ್ಕೆ ಅಡ್ಡಿಯಾದರೆ ಅದು ಬೇರೆಯವರ ಪಾಲಾಗುವುದೆಂದೂ ಸ್ಪಷ್ಟಪಡಿಸಿದ್ದರು. ಮಗಳೋ ಬಾಟಲಿಯ ಹಾಲನ್ನು ಬಾಯಿಗೆ ಸೇರಿಸುತ್ತಿರಲಿಲ್ಲ. ಆದ್ದರಿಂದ ಅತ್ತೆಯವರು ದಿನವೂ ಅವಳನ್ನೆತ್ತಿಕೊಂಡು ಆ ಬಸ್ಸಿನಲ್ಲಿ ಬರುತ್ತಿದ್ದರು. ಗೇಟಿನೆದುರು ನಿಲ್ದಾಣವಿಲ್ಲದಿದ್ದರೂ ಕಂಡಕ್ಟರ್ ಬಸ್ಸನ್ನು ನಿಲ್ಲಿಸಿ ಹಾರನ್ ಹೊಡೆಸುತ್ತಿದ್ದ. ಬೆಳಗಿನ ವಿರಾಮದಲ್ಲಿ ನಾನು ಕಾವಲುಗಾರನ ಕೋಣೆಯಲ್ಲಿ ಹಾಲೂಡಿಸಿ ಮರಳುತ್ತಿದ್ದೆ.

ಬೆಂಗಳೂರಿನಿಂದ ಬೋರ್ಡುಗಳ ತಪಾಸಣೆಗೆ ಜನ ಬರಲಿದ್ದ ದಿನ, ಹಾರನ್ ಕೇಳಿ ಎಂದಿನಂತೆ ಓಡಿಬಂದೆ. ಅತ್ತೆಯವರಿರಲಿಲ್ಲ. ಮಗು ಕಂಡಕ್ಟರನ ಹೆಗಲ ಮೇಲಿತ್ತು.

"ಗಾಬ್ರಿ ಆಗ್ಬ್ಯಾಡಿ ಕಣಮ್ಮ. ನಿಮ್ಮತ್ತೆ ಕೂಸ್ನ ಪಕ್ಕದೋರ ಮಡ್ಲಿಗೆ ಕೊಟ್ಟು ಹಿಂದ್ಲ ಸ್ಟಾಪ್ನಾಗೆ ವೀಳ್ಯದೆಲೆ ತರಾಕೆ ಇಳ್ದವ್ರೆ. ನಾನು ನೋಡ್ದಲೆ ರೈಟ್ ಅಂದ್ಬುಟ್ಟೆ!"

ಬಸ್ಸಿನಲ್ಲಿ ಕೂತವರ ಮಡಿಲಿಗೆ ಕೂಸನ್ನು ಕೊಡುವುದು ನಮ್ಮ ಕಡೆಯ ವಾಡಿಕೆ. ಅದರಿಂದಾದ ಎಡವಟ್ಟು ಇದು. ಹಾಲೂಡಿಸಿದೆ. ಆಮೇಲೆ? ಮಗುವನ್ನೆತ್ತಿಕೊಂಡು ಪರೀಕ್ಷಾ ಮೇಜಿಗೆ ಹೋಗುವಂತಿರಲಿಲ್ಲ. ಮನೆಗೆ ಹೊರಟರೆ ಹೊಣೆ ಕೈತಪ್ಪುತ್ತಿತ್ತು.

ಬಸ್ಸನ್ನು ಇನ್ನೂ ನಿಲ್ಲಿಸಿಕೊಂಡೇ ಇದ್ದ ಕಂಡಕ್ಟರ್ ಕೈಚಾಚಿದ. "ಇತ್ಲಾಗೆ ಕೊಡಿ. ನಿಮ್ಮತ್ತೆ ಬರಗಂಟ ಬಸ್ಸು ಅಲ್ಲಾಡಾಕಿಲ್ಲ."

ಪ್ರಯಾಣಿಕನೊಬ್ಬ ಕಿಟಕಿಯಿಂದ ತಲೆ ಹೊರಹಾಕಿದ. "ಲೇ, ಮಧುಗಿರಿ ಕೋರ್ಟ್‌ನಾಗೆ ನನ್ನ ಹೆಸ್ರು ಕೂಗ್ಬುಡ್ತಾರೆ ಕಣ್ಲಾ!"

"ನಿನ್ ಕೇಸು ನಿಮ್ಮಪ್ಪನ ಕಾಲ್ದಿಂದ ಕಾಯ್ತಾ ಐತೆ, ಇನ್ನೊಂದು ಗಳಿಗೆ ಕಾಯಾಕಿಲ್ವಾ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಒಳಗೆ ಹೋದೆ. ಬಂದವರು ಬೋರ್ಡುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದರೆ ನನ್ನ ಕಿವಿ ಗೇಟಿನ ಕಡೆಗಿತ್ತು. ಕೊನೆಗೊಮ್ಮೆ ಟ್ರ್ಯಾಕ್ಟರಿನ ಸದ್ದು; ಅದನ್ನೂ ಮೀರಿದ ಅತ್ತೆಯವರ ಧ್ವನಿ: "ಲೇ, ನಿನ್ ಮನೆ ಹಾಳಾಗ! ಕೂಸ್ನ ಕದ್ಕಂಡ್ ಬಂದ್ಯೇನ್ಲಾ?"

"ಕದ್ದಿಲ್ಲ ಕಣಜ್ಜಿ, ಅದೇ ಟಿಕೆಟ್ ತಗಳ್ದೆ ಬಂದೈತೆ!"

ನನ್ನ ಗಮನ ಮತ್ತೆ ಬೋರ್ಡುಗಳ ಕಡೆಗೆ ತಿರುಗಿದ್ದು ಆಗಲೇ. ಪರೀಕ್ಷಾ ವಿಭಾಗ ನನ್ನಲ್ಲಿಯೇ ಉಳಿಯಿತು. ಮಗಳು ಮೊಲೆಹಾಲು ಬಿಡುವವರೆಗೂ ಆ ಬಸ್ಸು ಗೇಟಿನೆದುರು ನಿಲ್ಲುತ್ತಲೇ ಇತ್ತು.

ಅತ್ತೆಯವರು ಈಗಿಲ್ಲ. ಕಂಡಕ್ಟರ್ ಕೂಡ ತೀರಿಕೊಂಡು ವರ್ಷಗಳಾದವೆಂದು ಈಚೆಗೆ ತಿಳಿಯಿತು. ಮಗಳಿಗೆ ಹೇಳಿದೆ. ತನ್ನ ಕೂಸನ್ನು ತಟ್ಟಿ ಮಲಗಿಸುತ್ತಿದ್ದ ಅವಳು, "ಆವತ್ತಿನ ವಿಷಯ ಅವರಿಗೆ ನೆನಪಿತ್ತೇನಮ್ಮ?" ಎಂದು ಕೇಳಿದಳು.

"ಇರಲಾರದು ಕಣೆ. ಮಧುಗಿರಿ ಮುಟ್ಟುವ ಹೊತ್ತಿಗೇ ಮರೆತಿರ್ತಾನೆ" ಎಂದೆ.

ಆತನ ಪಾಲಿಗೆ ಅದು ಅಷ್ಟು ಸಣ್ಣ ಸಂಗತಿ. ಅದನ್ನು ನೆನಪಿಟ್ಟುಕೊಳ್ಳಲು ಈಗ ಉಳಿದಿರುವವಳು ನಾನೊಬ್ಬಳೇ...