ಅತ್ತೆ ಕಾದ ಕೋರ್ಟು

ಅತ್ತೆ ಎಲ್ಲಿ ಕೂತರೂ ಬಲಗಾಲಿನ ಹೆಬ್ಬೆರಳು ನೆಲ ಕೆರೆಯುತ್ತಲೇ ಇರುತ್ತಿತ್ತು. ಆ ಉಗುರು ಸವೆದು ಅರ್ಧ ಆಗಿತ್ತು. ಗುಂಡ್ಲುಪೇಟೆ ಕೋರ್ಟಿನ ಹೊರಗೆ ಅವಳು ಕೂರುತ್ತಿದ್ದ ಮರದ ಬುಡದಲ್ಲಿ ಸಣ್ಣದೊಂದು ಗುಳಿಯೇ ಬಿದ್ದಿತ್ತು.

ಅವಳು ದಾವೆ ಹೂಡಿದ್ದು ಒಡಹುಟ್ಟಿದ ತಮ್ಮನ ಮೇಲೆ, ಅಂದರೆ ನನ್ನ ಅಪ್ಪನ ಮೇಲೆ. ನಮ್ಮ ತಾಲೂಕಿನದೇ ಮದ್ದೂರು ಕಡೆಯ ಎರಡೆಕರೆಯಲ್ಲಿ ತನಗೂ ಪಾಲು ಬೇಕೆಂದು. ನಮ್ಮ ಬೀದಿಯ ಕೊನೆಯ ಮನೆ ಅವಳದು. ವಾಯಿದೆಯ ದಿನ ಅಕ್ಕ ತಮ್ಮ ಇಬ್ಬರಿಗೂ ಒಂದೇ ಬಸ್ಸು, ಮಧ್ಯಾಹ್ನಕ್ಕೆ ಅವಳು ಕಟ್ಟಿ ತಂದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಉಪ್ಪು ಕಮ್ಮಿ ಎಂದು ಅಪ್ಪ ಗೊಣಗಿದರೆ, "ಅದ್ನೂ ನಿನ್ ಲಾಯರ್‌ಗೆ ಏಳ್ಲಾ" ಅನ್ನುತ್ತಿದ್ದಳು.

ಅತ್ತೆಗೆ ಓದು ಬಾರದು. ವಕೀಲರ ಗುಮಾಸ್ತ ಬರೆದುಕೊಡುವ ಚೀಟಿಯನ್ನು ನನ್ನಿಂದಲೇ ಓದಿಸುತ್ತಿದ್ದಳು. ಎದುರಾಳಿಯ ಮಗಳೆಂದು ಒಂದು ದಿನವೂ ಹಿಂದೆಮುಂದೆ ನೋಡಲಿಲ್ಲ. ಒಂದು ಸಲ ಅವಳು ಚೀಟಿ ತಂದಾಗ ನಾನು ಪಾಠ ಹೇಳುವ ಶಾಲೆಗೆ ಹೊತ್ತಾಗಿತ್ತು. ತಾರೀಖು ಓದಿ ಹೇಳಿ ಓಡಿದೆ, ಅದರ ಕೆಳಗಿನ ಸಾಲು ಓದಲಿಲ್ಲ. ಕೇಸು ಚಾಮರಾಜನಗರದ ಕೋರ್ಟಿಗೆ ವರ್ಗವಾಗಿದೆ ಎಂದು ಅದರಲ್ಲಿತ್ತು.

ವಾಯಿದೆಯ ದಿನ ಬಸ್ಸಿನಲ್ಲಿ ತಮ್ಮ ಕಾಣಲಿಲ್ಲ. ಮೈ ಸರಿಯಿಲ್ಲವೇನೋ ಅಂದುಕೊಂಡ ಅತ್ತೆ, ಗುಂಡ್ಲುಪೇಟೆಯ ಮರದಡಿ ಬುತ್ತಿ ಬಿಚ್ಚದೆ ಸಂಜೆಯವರೆಗೆ ಕೂತಳು. ಅತ್ತ ಚಾಮರಾಜನಗರದಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಿದರು. ಅವಳ ವಕೀಲರೂ ಇರಲಿಲ್ಲ. ಅಪ್ಪ ಮಾತ್ರ ಇದ್ದ. ವಾದಿ ಗೈರುಹಾಜರು ಎಂದು ದಾವೆ ವಜಾ ಆಯಿತು.

"ಅತ್ತೆ ಎಲ್ ಕೂತಿತ್ತು ಅಂತ ನಿಂಗೊತ್ತಿರ್ನಿಲ್ವಾ?" ಎಂದು ಅಪ್ಪನನ್ನು ಕೇಳಿದೆ.

"ಯಾರೂ ಕೇಳ್ನಿಲ್ಲ ಕಣಮ್ಮಿ. ನಾ ಏಳ್ನಿಲ್ಲ."

ಚೀಟಿ ಹಿಡಿದುಕೊಂಡು ಅತ್ತೆಯ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಮೊದಲ ಸಲ ಅವಳ ಹೆಬ್ಬೆರಳು ಸುಮ್ಮನಿದ್ದದ್ದು ಕಂಡೆ. "ಜಮೀನ್ ಓದ್ರೆ ಓಯ್ತು ಬುಡು. ಬಂದಿರ್ನಿಲ್ಲ ಅಂತ ಬರ್ಕಂಡ್ರಲ್ಲ, ಒಂದಿನಾನೂ ತಪ್ಪಿಸ್ದೋಳಲ್ಲ ನಾನು," ಅಂದಳು. ಆಮೇಲೆ ನನ್ನ ಕೈ ಹಿಡಿದು, "ನೀ ಬೇಕಂತ ಮಾಡ್ನಿಲ್ಲ, ನಂಗೊತ್ತು. ಅದ್ನ ಕೋರ್ಟ್‌ಗೆ ಬಂದು ಏಳ್ಬುಡು, ಸಾಕು," ಎಂದಳು.

ಅವಳಿಗೆ ಗೊತ್ತಿತ್ತು. ನನಗೇ ಗೊತ್ತಿಲ್ಲ. ಆ ಎರಡೆಕರೆ ಅಪ್ಪನ ನಂತರ ನನಗೇ ಬರುವಂಥದ್ದು. ಆ ಸಾಲನ್ನು ಅವಸರಕ್ಕೆ ಬಿಟ್ಟೆನೋ, ಕಂಡೂ ಬಿಟ್ಟೆನೋ ಎಂದು ಬಸ್ಸಿನಲ್ಲಿ, ತರಗತಿಯಲ್ಲಿ, ಒಲೆಯ ಮುಂದೆ ಕೇಳಿಕೊಳ್ಳುತ್ತಲೇ ಇದ್ದೇನೆ.

ವಜಾ ರದ್ದುಮಾಡಿ ಎಂದು ಅತ್ತೆ ಅರ್ಜಿ ಹಾಕಿಸಿದಳು. ಅದು ವಿಚಾರಣೆಗೆ ಬರುವಷ್ಟರಲ್ಲಿ ಎದೆನೋವು ಬಂದು ತೀರಿಕೊಂಡಳು. ಈಗ ಕೇಸನ್ನು ಅವಳ ಮಗಳು ನಡೆಸುತ್ತಿದ್ದಾಳೆ.

ನಾಳೆ ನನ್ನ ಸಾಕ್ಷಿ. ಎರಡು ದಿನದಿಂದ ಅಪ್ಪ ಮಾತು ಬಿಟ್ಟಿದ್ದಾನೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಅತ್ತೆ ಆ ದಿನ ಗುಂಡ್ಲುಪೇಟೆ ಕೋರ್ಟಿಗೆ ಬಂದಿದ್ದಳು, ಚೀಟಿ ಪೂರ್ತಿ ಓದದೆ ಹೋದವಳು ನಾನು ಎಂದು ಹೇಳಿಯೇ ಹೇಳುತ್ತೇನೆ. ಬೆಳಿಗ್ಗೆ ರೊಟ್ಟಿ ಇಬ್ಬರಿಗಾಗುವಷ್ಟು ಕಟ್ಟಬೇಕು. ಅಪ್ಪನೂ ಅದೇ ಬಸ್ಸಿಗೆ ಬರುತ್ತಾನೆ.