ಕರೆಂಟು ಹೋದಾಗ ಹೊಡೆದ ಬೆಲ್ಲುಗಳು

ಗೆಳೆಯರೇ, ನನಗೆ ಖುಷಿಯೋ ಖುಷಿ! ಇವತ್ತು ಆಲೆಟ್ಟಿಯ ಸೀತಕ್ಕನ ರಬ್ಬರ್ ಶೀಟು ಒಣಗಿಸುವ ಹೊಗೆಮನೆಗೆ ಬೆಂಕಿಯ ಬೆಲ್ಲು ಹಾಕ್ಲಿಕ್ಕೆ ಹೋಗಿದ್ದೆ. ಊರಿಗೆ ಕರೆಂಟು ಬಂದು ಎರಡೇ ವರ್ಷ. ಒಳಗೆ ಕಟ್ಟಿದ ನೂಲು ಬೆಂಕಿಗೆ ಸುಟ್ಟು ತುಂಡಾದರೆ ಅದು ಎಳೆದು ಹಿಡಿದ ಸ್ವಿಚ್ಚು ಕೂಡಿ, ಹೊಗೆಮನೆ, ಅಡುಗೆಮನೆ, ಪಕ್ಕದಲ್ಲಿರುವ ಅವರ ಭಾವನ ಮನೆ, ಮೂರು ಕಡೆಯೂ ಬೆಲ್ಲು ಒಟ್ಟಿಗೆ ಹೊಡೆಯಬೇಕು.

ನಾನು ಮೈನ್ ಲೈನಿನಿಂದ ವಯರ್ ಎಳೆಯಲು ಹೊರಟೆ. ಸೀತಕ್ಕ ತಡೆದರು. "ಟಾರ್ಚಿನ ಸೆಲ್ಲಿಗೆ ಕೊಡಿ ಮಾರಾಯ್ರೆ."

"ಅಕ್ಕಾ, ವಯರಿಂಗ್ ನನ್ನ ಕೆಲಸ ಅಲ್ವಾ?"

"ಹೌದು. ಆದ್ರೆ ಬೆಂಕಿ ಏನು, ಕರೆಂಟು ಉಂಟಾ ಅಂತ ನೋಡಿ ಬರ್ತದಾ?"

ಮುಖ ಊದಿಸಿಕೊಂಡು ಸೆಲ್ಲಿಗೇ ಕೊಟ್ಟೆ.

ಮಧ್ಯಾಹ್ನ ಗಂಜಿಗೆ ಕೂತಾಗ ಕರೆಂಟು ಹೋಯ್ತು. ಉಪ್ಪಿನಕಾಯಿ ಹಾಕಿಕೊಳ್ಳುವಷ್ಟರಲ್ಲಿ ಮೂರೂ ಬೆಲ್ಲು ಒಮ್ಮೆಲೇ ಹೊಡೆದವು! ಒಂದು ಶೀಟು ಹೊಗೆಯ ಒಲೆಗೆ ಬಿದ್ದು ಭಗ್ಗನೆ ಹೊತ್ತಿಕೊಂಡಿತ್ತು. ಆ ಮನೆಯಿಂದ ಭಾವ, ಈ ಮನೆಯಿಂದ ನಾವು ನೀರಿನ ಕೊಡಪಾನ ಹಿಡಿದು ಓಡಿದೆವು. ಬೆಂಕಿ ಮೇಲೆ ಮಾಡಿಗೆ ಹತ್ತುವ ಮೊದಲೇ ಆರಿಸಿದೆವು!

ನಾಡಿದ್ದು ಸಂಪಾಜೆಯಲ್ಲಿ ಇನ್ನೊಂದು ಹೊಗೆಮನೆಯ ಕೆಲಸ ಉಂಟು. ಸೀತಕ್ಕನನ್ನು ಕರ್ಕೊಂಡು ಹೋಗುದೇ ಒಳ್ಳೆಯದು ಅಂತ ಕಾಣ್ತದೆ.