ಮೈಲಾರಪ್ಪನ ಕೂರಿಗಿ

ಅಬ್ಬಿಗೇರಿಯ ಮೈಲಾರಪ್ಪ ಸೋಲನ್ನು ಮುಚ್ಚಿಡುವವರ ಪೈಕಿಯವನಲ್ಲ, ಹೊಲದಲ್ಲಿ ಬಿತ್ತಿ ಊರಿಗೆಲ್ಲ ತೋರಿಸುವವನು. ಕೈಯಿಂದ ಬೀಜ ಬಿಡುವ ಗೋಜಿಲ್ಲದೆ, ಗಾಲಿ ತಿರುಗಿದಂತೆ ತಾನೇ ಬೀಜ ಉದುರಿಸುವ ಕೂರಿಗಿ ಮಾಡುತ್ತೇನೆಂದು ಹಟ ಹಿಡಿದಿದ್ದ. ಒಂದು ಹಿಂಗಾರಿಗೆ ಗಾಲಿಗೆ ಅಂಟು ಎರಿಮಣ್ಣು ಮೆತ್ತಿ, ಅದು ತಿರುಗದೆ ಬೀಜ ಬೀಳದೆ ಅರ್ಧ ಹೊಲ ಬೋಳಾಯಿತು. ಮರುವರ್ಷ ಬೀಜವೆಲ್ಲ ಒಂದೇ ಕಡೆ ಸುರಿದು ಜೋಳ ಪೊದೆಪೊದೆಯಾಗಿ ಎದ್ದಿತು. ಬೇರೆಯವರಾಗಿದ್ದರೆ ಸದ್ದಿಲ್ಲದೆ ಕುಂಟೆ ಹೊಡೆದು ಹರಗಿಬಿಡುತ್ತಿದ್ದರು. ಇವನು ನರೇಗಲ್ ಸಂತೆಗೆ ಹೊರಟ ಗಾಡಿಗಳನ್ನು ತಡೆದು, "ಇಳೀರ್ರಿ, ಹ್ಯಾಂಗ ಕೆಟ್ಟೈತಿ ನೋಡ್ರಿ!" ಎಂದು ಮಗಳ ಮದುವೆಯ ಹಂದರ ತೋರಿಸುವ ಠೀವಿಯಲ್ಲಿ ತೋರಿಸುತ್ತಿದ್ದ. "ಊರು ನಗಾಕತ್ತೈತಿ," ಎಂದು ಹೆಂಡತಿ ಕರೆವ್ವ ಸಿಡುಕಿದರೆ, "ನಗಲಿ ಬಿಡು. ಎಲ್ಲಿ ತಪ್ಪೈತಿ ಅಂತ ನೆಲಾನ ಹೇಳಾಕತ್ತೈತಿ," ಎಂದು ಬೋಳು ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಗಂಡನ ತಲೆ ಕೆಟ್ಟಿದೆಯೆಂದು ಅವಳೂ ನಂಬಿದ್ದಳು. ಕನ್ನಡ ನಾಡು ಒಂದಾದ ವರ್ಷ ಗಾಲಿಗೆ ಮಣ್ಣು ಕೆರೆಯುವ ಪಟ್ಟಿ ಬಂತು, ಬೀಜ ಬೀಳುವ ತೂತು ಕಿರಿದಾಯಿತು. ಬಿತ್ತುವ ದಿನ ಕರೆವ್ವ ಈ ಸಲವೂ ಕೆಟ್ಟೀತೆಂದು, ಹಳೇ ರೂಢಿಯಂತೆ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಗ್ಗಿ ನಡೆಯುತ್ತ ಕೈಯಿಂದ ಬೀಜ ಬಿಡಲು ಕೂರಿಗಿಯ ಹಿಂದೆ ಬಂದು ನಿಂತಳು. ಮೈಲಾರಪ್ಪ ಆ ಬೀಜವನ್ನೆಲ್ಲ ಕೂರಿಗಿಯ ಬೀಜದ ಪೆಟ್ಟಿಗೆಗೆ ಸುರಿಸಿಕೊಂಡು, "ಮದುವ್ಯಾದಾಗಿಂದ ಬಗ್ಗಿ ನಡದದ್ದು ಸಾಕು. ಬದುವಿನ ಮ್ಯಾಲ ಕುಂತು ನೋಡು," ಅಂದ. ಜೋಳ ಹಗ್ಗ ಹಿಡಿದು ಬಿತ್ತಿದಂತೆ ನೇರ ಸಾಲಾಗಿ ಎದ್ದಿತು. ಮುಂದಿನ ಸಂತೆಯ ದಿನ ಗಾಡಿಗಳನ್ನು ತಡೆದವಳು ಕರೆವ್ವ, ಸೊಂಟದ ಮೇಲೆ ಕೈಯಿಟ್ಟು, ನೆಟ್ಟಗೆ ನಿಂತು ಕೂಗುತ್ತಿದ್ದಳು: "ಇಳೀರ್ರಿ ಎಲ್ಲಾರೂ! ಮೊದಲ ಹ್ಯಾಂಗ ಕೆಟ್ಟಿತ್ತು ಕೇಳ್ರಿ, ಆಮ್ಯಾಲೆ ನೋಡ್ರಿ!"